ಸಜ್ಜಿ, ಜ್ವಾಳಿ ಮತ್ತು ಮೇಲಿನ ಅಗಳಿ

ಒಂದೇ ಸೂಲಿನ ಎರಡು ಹೆಣ್ಣು ನಾಯಿಮರಿಗಳನ್ನು ಜೊತೆಯಾಗಿ ಸಾಕಬಹುದೇ ಎಂದು ಯಾರಾದರೂ ಕೇಳಿದರೆ ನಾನು ಈಗ ಕೂಡಲೇ ಉತ್ತರ ಕೊಡುವುದಿಲ್ಲ. ಒಮ್ಮೆ ಕೊಟ್ಟಿದ್ದೆ. ಯಾರೂ ತಿರುಗಿ ಕೇಳದ ಹಾಗೆ, ಎದೆ ಸೆಟೆಸಿ ಕೊಟ್ಟಿದ್ದೆ. ಅದರಿಂದ ಆದದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಸುಳ್ಳು ಬರುತ್ತದೆ. ಅದನ್ನು ಹೇಳಿದವನು ನಾನೇ.

ತೆಲುಗು ಸೀಮೆಯ ಜೀಡಿಮೆಟ್ಲಾದಲ್ಲಿ ಔಷಧಿ ಕಾರ್ಖಾನೆಗಳಿಗೆ ಕಚ್ಚಾ ಮಾಲು ಕೊಡುವ ಒಂದು ಗೋದಾಮಿನಲ್ಲಿ ನಾನು ಕಾವಲಿಗಿದ್ದೆ. ಅದಕ್ಕೂ ಮೊದಲು ಬಹಳ ಕಡೆ ನಾಯಿ ನೋಡಿಕೊಂಡಿದ್ದರಿಂದ ಅಲ್ಲಿ ಎಲ್ಲರೂ ನನ್ನನ್ನು ಉಸ್ತಾದ್ ಎನ್ನುತ್ತಿದ್ದರು. ಹೆಸರು ಹಿಡಿದು ಕರೆದರೆ ನಾನೇ ಒಂದು ಗಳಿಗೆ ತಡವಾಗಿ ಓಗೊಡುವಷ್ಟು ಅದು ರೂಢಿಯಾಗಿತ್ತು. ಹಿಂದಿನ ಗೋಡೆ ಹಾರಿ ಬಂದು ಯಾರೋ ಎರಡು ಸಲ ತಾಮ್ರದ ಕೇಬಲ್ ಕೊಯ್ದುಕೊಂಡು ಹೋದ ಮೇಲೆ ಮಾಲೀಕರು ಎರಡು ನಾಯಿ ತರೋಣ ಎಂದರು. ಒಂದು ಗಂಡು, ಒಂದು ಹೆಣ್ಣು, ಬೇರೆ ಬೇರೆ ಕಡೆಯಿಂದ ತರುವುದು ಅವರ ವಿಚಾರ.

"ಬ್ಯಾಡ್ರಿ ಸಾಹೇಬ್ರ," ಎಂದು ನನಗೆ ಬಂದ ಹಿಂದಿಯಲ್ಲಿ ಹೇಳಿದೆ. "ಗಂಡು-ಹೆಣ್ಣು ತಂದರ ಮರಿ ಸಾಕೋದ ಕೆಲಸ ಆಗತದ. ಅಕ್ಕತಂಗಿ ತರೋಣು. ಒಂದೇ ಹೊಟ್ಟ್ಯಾಗ ಹುಟ್ಟಿದವು, ಜಗಳ ಆಡಂಗಿಲ್ಲ."

ಮರಿ ಮಾರುವವನು ಅನುಭವಸ್ಥ. ಬುಟ್ಟಿ ನನ್ನ ಕೈಗೆ ಕೊಡುವಾಗ ದಖನಿಯಲ್ಲಿ, "ದೋನೋ ಬೆಹನಾಂ? ಅಲಗ್ ರಖೋ ಉಸ್ತಾದ್, ಬಡೀ ಹೋಕೇ ಲಡ್ತೀಂ," ಎಂದ. ಎರಡೂ ಅಕ್ಕತಂಗಿಯರಾದರೆ ಬೇರೆ ಬೇರೆ ಇಡು, ದೊಡ್ಡವಾದ ಮೇಲೆ ಕಾದಾಡುತ್ತವೆ ಎಂದು. ನಾನು ನಕ್ಕುಬಿಟ್ಟೆ. ಅವನಿಗೆ ಮಾರುವುದು ಗೊತ್ತು, ಸಾಕುವುದು ನನಗೆ ಗೊತ್ತು ಎಂದುಕೊಂಡೆ.

ಹೆಸರಿಟ್ಟವಳು ಗೋದಾಮಿನಲ್ಲಿ ಕಸ ಗುಡಿಸುವ ಹೆಣ್ಣುಮಗಳು. ಯಾದಗಿರಿ ಕಡೆಯವಳು, ಸಣ್ಣ ಆಳು, ಬಾಯಿ ಮಾತ್ರ ದೊಡ್ಡದು. ಅಲ್ಲಿ ನನ್ನ ಜೊತೆ ಕನ್ನಡ ಆಡುವವಳು ಅವಳೊಬ್ಬಳೇ; ನನ್ನನ್ನು ಮಾಮಾ ಎನ್ನುತ್ತಿದ್ದಳು. ಬುಟ್ಟಿಯೊಳಗೆ ಬಗ್ಗಿ ನೋಡಿ, "ಇಕಿ ಮಬ್ಬ ಬಣ್ಣದಾಕಿ ಸಜ್ಜಿ. ಇಕಿ ಬೆಳ್ಳಗಿದ್ದಾಕಿ ಜ್ವಾಳಿ. ಎರಡೂ ಕೂಡಿ ನಿಮ್ಮ ಹಿಟ್ಟು ಮುಗಸ್ತಾವ ನೋಡ್ರಿ ಮಾಮಾ," ಎಂದಳು. ಒಂದಕ್ಕೆ ಸಜ್ಜೆಯ ಬಣ್ಣ, ಒಂದಕ್ಕೆ ಜೋಳದ ಬಣ್ಣ. ದಿನಾ ಹತ್ತು ಗಂಟೆಗೆ ಅವಳು ತನ್ನ ಚಹಾದಲ್ಲಿ ಅರ್ಧ ನನ್ನ ಲೋಟಕ್ಕೆ ಬಗ್ಗಿಸುತ್ತಿದ್ದಳು. ಬೇಡವೆಂದರೂ ಬಿಡುತ್ತಿರಲಿಲ್ಲ.

ನಾನು ಮೊದಲ ದಿನವೇ ಒಂದು ಅಲ್ಯೂಮಿನಿಯಂ ಪರಾತ ತಂದೆ. ಅಗಲವಾದ, ಅಂಚು ಎತ್ತಿದ ತಟ್ಟೆ. ಅನ್ನ, ಕುದಿಸಿದ ಫೇಫಸ ಎಂದರೆ ಕುರಿಯ ಶ್ವಾಸಕೋಶ, ಮೇಲೆ ಸ್ವಲ್ಪ ಮಜ್ಜಿಗೆ. ಎರಡಕ್ಕೂ ಅದೊಂದೇ. ನಮ್ಮವ್ವ ನನಗೂ ನನ್ನ ತಮ್ಮನಿಗೂ ಒಂದೇ ಪರಾತದಲ್ಲಿ ಮುದ್ದೆ ಮುರಿದು ಇಕ್ಕುತ್ತಿದ್ದಳು. ಒಂದು ತಾಟಿನಲ್ಲಿ ಉಂಡವರು ಬಡಿದಾಡುವುದಿಲ್ಲ ಎಂದು ಅವಳ ಮಾತು. ಈ ಊರಿನಲ್ಲೂ ಹಮಾಲರು ಮಧ್ಯಾಹ್ನ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವುದನ್ನು ದಿನಾ ನೋಡುತ್ತಿದ್ದೆ. ನಾನು, ನನ್ನ ತಮ್ಮ ಇವತ್ತಿನವರೆಗೂ ಒಬ್ಬರಿಗೊಬ್ಬರು ಎದುರಾಡಿದವರಲ್ಲ. ಮನುಷ್ಯರಿಗೆ ಒಳ್ಳೆಯದಾದದ್ದು ನಾಯಿಗೂ ಒಳ್ಳೆಯದೇ ಎಂದು ನಂಬಿದ್ದೆ.

ಒಂದು ವರ್ಷ ಯಾರ ಕಣ್ಣಿಗಾದರೂ ಅದು ನಿಜವೆಂದೇ ಕಾಣುತ್ತಿತ್ತು. ಒಂದೇ ಗೋಣಿಚೀಲದ ಮೇಲೆ ಮಲಗುತ್ತಿದ್ದವು. ಒಂದೇ ಸರಪಳಿಯ ಎರಡು ತುದಿಗೆ ಕಟ್ಟಿ ತಿರುಗಾಡಿಸುತ್ತಿದ್ದೆ. ಕೂಡು ಎಂದರೆ ಜ್ವಾಳಿ ನನ್ನ ಮುಖ ನೋಡುತ್ತಿರಲಿಲ್ಲ, ಸಜ್ಜಿಯ ಮುಖ ನೋಡುತ್ತಿದ್ದಳು. ಸಜ್ಜಿ ಕೂತರೆ ತಾನೂ ಕೂರುವಳು. ಒಮ್ಮೆ ಜ್ವಾಳಿಯನ್ನು ಒಂದನ್ನೇ ಸೂಜಿ ಹಾಕಿಸಲು ಒಯ್ದಾಗ ಗೇಟಿನ ಆಚೆ ಹತ್ತು ಹೆಜ್ಜೆ ಹಾಕಿ ನೆಲಕ್ಕೆ ಹೊಟ್ಟೆ ಹಚ್ಚಿ ನಡುಗಿದಳು. ಎತ್ತಿಕೊಂಡೇ ಹೋಗಬೇಕಾಯಿತು. ಎಂಥ ಪ್ರೀತಿ ಎಂದು ಹಿಗ್ಗಿ ಎಲ್ಲರಿಗೂ ಹೇಳಿದೆ. ಒಂಟಿಯಾಗಿ ಬದುಕುವುದನ್ನು ನಾನು ಅವಕ್ಕೆ ಕಲಿಸಿಯೇ ಇರಲಿಲ್ಲ ಎಂಬುದು ಹೊಳೆಯಲಿಲ್ಲ.

ಒಂದೂವರೆ ವರ್ಷದ ಹೊತ್ತಿಗೆ ಸಜ್ಜಿ ಬೆದೆಗೆ ಬಂದಳು. ಆ ವಾರವೇ ಮೊದಲ ಕಾಳಗ. ಪರಾತದಲ್ಲಿ ಒಂದು ಎಲುಬಿನ ತುಂಡು ಜ್ವಾಳಿಯ ಕಡೆಗೆ ಸರಿದಿತ್ತು. ಸಜ್ಜಿ ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ತಿನ್ನುವುದನ್ನು ನಿಲ್ಲಿಸಿ ಹಾಗೆಯೇ ಕಲ್ಲಾಗಿ ನಿಂತಳು. ಬಾಲ ಸೆಟೆಯಿತು. ಮುಂದಿನದು ಕಣ್ಣಿಗೆ ಕಾಣುವಷ್ಟು ನಿಧಾನವಾಗಿರಲಿಲ್ಲ. ನಾನು ಸಜ್ಜಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದೆ. ಅವಳ ಹಲ್ಲು ನನ್ನ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಬಿಡಿಸಿದಾಗ ಜ್ವಾಳಿಯ ಕಿವಿ ಸೀಳಿತ್ತು.

ಆಗ ನಾನು ಮಾಡಿದ್ದು ನ್ಯಾಯ ಎಂದುಕೊಂಡಿದ್ದೆ. ಸಜ್ಜಿಯನ್ನು ಹೊಡೆದೆ. ಜ್ವಾಳಿಯನ್ನು ನನ್ನ ಮಂಚದ ಪಕ್ಕ ಮಲಗಿಸಿಕೊಂಡೆ. ಅವತ್ತಿನಿಂದ ಪರಾತ ಇಟ್ಟ ಕೂಡಲೇ ಜ್ವಾಳಿಯನ್ನು ಮೊದಲು ಬಿಡುತ್ತಿದ್ದೆ. ಅವಳು ನಾಲ್ಕು ಬಾಯಿ ತಿಂದ ಮೇಲೆ ಸಜ್ಜಿ. ಸೋತವಳ ಪರ ನಿಲ್ಲಬೇಕು, ಅದು ದೊಡ್ಡವರ ಧರ್ಮ. ಒಂದು ತಿಂಗಳಲ್ಲಿ ಮತ್ತೆ ಮೂರು ಸಲ ಕಾದಾಡಿದವು. ಎಲುಬು ಬೇಕಾಗಿಯೇ ಇರಲಿಲ್ಲ. ನಾನು ಗೇಟಿನೊಳಗೆ ಬಂದರೆ ಯಾರು ಮೊದಲು ಕಾಲು ಮೂಸಬೇಕು ಎಂಬುದೇ ಸಾಕಿತ್ತು.

ಬಿಡಿಸುವುದನ್ನು ನಾನೂ ಆ ಹೆಣ್ಣುಮಗಳೂ ಕಲಿತೆವು. ಕೊರಳಿಗೆ ಕೈ ಹಾಕಬಾರದು. ಇಬ್ಬರು ಬೇಕು. ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ಎತ್ತಿ ಹಿಡಿದು, ಒತ್ತುಗಾಡಿಯ ಹಾಗೆ, ಒಂದೇ ಸಲಕ್ಕೆ ಹಿಂದಕ್ಕೆ ನಡೆಯಬೇಕು. ಬಾಯಿ ಸಡಿಲಾದ ಕ್ಷಣಕ್ಕೆ ನಡುವೆ ಹಲಗೆ ತೂರಿಸಬೇಕು. ಒಬ್ಬನೇ ಇದ್ದರೆ ಇದು ಆಗುವುದಿಲ್ಲ. ಒಂದನ್ನು ಹಿಡಿದರೆ ಇನ್ನೊಂದಕ್ಕೆ ಅವಕಾಶ ಮಾಡಿಕೊಟ್ಟ ಹಾಗೆ. ಇದನ್ನು ಅವಳಿಗೆ ಹೇಳಿಕೊಟ್ಟವನು ನಾನು.

ನಾಲ್ಕನೇ ಸಲ ಜ್ವಾಳಿಯ ಭುಜಕ್ಕೆ ಹೊಲಿಗೆ ಹಾಕಿಸಬೇಕಾಯಿತು. ಪಶು ಆಸ್ಪತ್ರೆಯ ಡಾಕ್ಟರಮ್ಮ ಹೊಲಿಗೆ ಹಾಕುತ್ತಲೇ ಎಲ್ಲ ಕೇಳಿದರು. ಪರಾತದ ವಿಷಯ, ಜ್ವಾಳಿಯನ್ನು ಮೊದಲು ಬಿಡುವ ವಿಷಯ. ಕೈ ತೊಳೆದುಕೊಂಡು ಬಂದು ತೆಲುಗಿನಲ್ಲಿ, "ತಾತಾ, ರೆಂಡೂ ಮಂಚಿವೇ. ಕಲಿಸಿ ಉಂಡಲೇವು, ಅಂತೇ," ಎಂದರು. ಎರಡೂ ಒಳ್ಳೆಯವೇ, ಕೂಡಿ ಇರಲಾರವು, ಅಷ್ಟೇ.

ಆಮೇಲೆ ಬಿಡಿಸಿ ಹೇಳಿದರು. ಎಲ್ಲ ಅಕ್ಕತಂಗಿಯರೂ ಹೀಗಲ್ಲ. ಕೆಲವು ಸಾಯುವವರೆಗೆ ಜೊತೆಗಿರುತ್ತವೆ. ಆದರೆ ಮೊದಲಿನಿಂದ ಬಟ್ಟಲು ಬೇರೆ, ಹಾಸಿಗೆ ಬೇರೆ, ತಿರುಗಾಟ ಬೇರೆ ಇರಬೇಕು. ಎರಡು ಹೆಣ್ಣುಗಳ ನಡುವೆ ಒಮ್ಮೆ ರಕ್ತ ಬಂದರೆ ಮರೆಯುವುದು ಕಷ್ಟ. ಆಪರೇಷನ್ ಮಾಡಿಸಿದರೂ ಖಾತ್ರಿ ಇಲ್ಲ. ಮುಂದಿರುವವಳನ್ನು ಹೊಡೆದು ಹಿಂದಿರುವವಳನ್ನು ಎತ್ತಿ ಹಿಡಿದರೆ ಇಬ್ಬರಿಗೂ ತಮ್ಮ ಜಾಗ ಗೊತ್ತಾಗುವುದಿಲ್ಲ. "ಒಂದನ್ನು ಕೊಟ್ಟುಬಿಡಿ. ದಿಲ್‌ಸುಖ್‌ನಗರದಲ್ಲಿ ನನಗೆ ಗೊತ್ತಿರುವ ಮನೆಯೊಂದಿದೆ, ಹೆಣ್ಣು ನಾಯಿಯನ್ನೇ ಕೇಳುತ್ತಿದ್ದಾರೆ. ಅಲ್ಲಿಯವರೆಗೆ ಒಂದು ನಿಮಿಷವೂ ಜೊತೆಗೆ ಬಿಡಬೇಡಿ."

ವಿಚಾರ ಮಾಡುತ್ತೇನೆ ಎಂದು ಬಂದೆ. ವಿಚಾರ ಮಾಡಲಿಲ್ಲ. ಒಂದನ್ನು ಕೊಡಬೇಕೆಂದರೆ ಮಾಲೀಕರಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಉಸ್ತಾದ್ ಹೇಳಿದ್ದು ತಪ್ಪಾಗಿತ್ತು ಎಂದಾಗುತ್ತದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಅದರ ಬದಲು ಅಂಗಳವನ್ನೇ ಎರಡು ಮಾಡಿದೆ. ಗುಜರಿಯ ಕಬ್ಬಿಣದ ಪಟ್ಟಿ ನೆಟ್ಟು ಜಾಲರಿ ಬಿಗಿದು, ನಡುವೆ ಒಂದು ಬಾಗಿಲಿಟ್ಟೆ. ಒಂದು ನಾಯಿ ಮುಂದಿನ ಗೇಟಿಗೆ, ಒಂದು ಹಿಂದಿನ ಗೋಡೆಗೆ, ಕಾವಲು ಹಂಚಿದ್ದೇನೆ ಎಂದು ಮಾಲೀಕರಿಗೆ ಹೇಳಿದೆ. ಅವರು ಶಹಬ್ಬಾಸ್ ಎಂದರು. ಕೆಳಗೆ ಹಾಕಿದ್ದ ಕೊಂಡಿಯನ್ನು ಎರಡೇ ದಿನದಲ್ಲಿ ಸಜ್ಜಿ ಮೂತಿಯಿಂದ ಎತ್ತುವುದನ್ನು ಕಲಿತಳು. ಹಾಗಾಗಿ ಅಗಳಿಯನ್ನು ಬಾಗಿಲಿನ ತುದಿಗೆ, ನನ್ನ ಕೈ ಎತ್ತಿದರೆ ಸಿಗುವಷ್ಟು ಮೇಲೆ ಜಡಿಸಿದೆ. ನಾನು ಎತ್ತರದ ಆಳು.

"ನಾಯಿಗಿ ಹಾಕಿದ್ರೋ, ನನಗ ಹಾಕಿದ್ರೋ?" ಎಂದು ಹೆಣ್ಣುಮಗಳು ತುದಿಗಾಲಲ್ಲಿ ನಿಂತು ಕೈ ಚಾಚಿ ತೋರಿಸಿದಳು. ಅವಳ ಬೆರಳಿಗೂ ಅಗಳಿಗೂ ನಡುವೆ ಒಂದು ಗೇಣು ಉಳಿದಿತ್ತು. "ಆಚಿ ಕಡಿ ಗುಡಿಸ್ಬೇಕಂದ್ರ ನಿಮ್ಮನ್ನ ಒದರ್ಕೋತ ನಿಲ್ಲಬೇಕೇನು?"

"ಒದರು. ಹ್ಯಾಂಗೂ ದಿನಾ ಒದರತಿ," ಎಂದೆ.

ಹಾಗೆಯೇ ನಡೆಯಿತು. ಆಚೆ ಬದಿ ಗುಡಿಸುವ ಹೊತ್ತಿಗೆ "ಉಸ್ತಾದ್ ಸಾಹೇಬ್ರ, ಕೋಟೆ ಬಾಗಿಲಾ ತೆಗೀರಿ" ಎಂದು ಕೂಗುವಳು. ನಾನು ಹೋಗಿ ನಾಯಿಯನ್ನು ಕಟ್ಟಿ ತೆಗೆಯುವೆ. ಮುಂದಿನ ಬದಿಯಲ್ಲಿ ಯಾವ ನಾಯಿ ಇದೆ ಎಂದು ತಿಳಿಯಲು ಅವಳೇ ಒಂದು ಉಪಾಯ ಮಾಡಿದಳು: ಸಜ್ಜಿ ಇದ್ದರೆ ಜಾಲರಿಗೆ ಕೆಂಪು ಬಟ್ಟೆ, ಜ್ವಾಳಿ ಇದ್ದರೆ ಬಿಳಿ ಬಟ್ಟೆ. ಬಟ್ಟೆ ನೋಡದೆ ಬಾಗಿಲ ಹತ್ತಿರ ಹೋಗಬಾರದು. ಹೊತ್ತಿಗೆ ಸರಿಯಾಗಿ ಒಂದನ್ನು ಕಟ್ಟಿ ಇನ್ನೊಂದನ್ನು ದಾಟಿಸಿ ಬದಿ ಬದಲಾಯಿಸುತ್ತಿದ್ದೆವು. ಏಳೆಂಟು ತಿಂಗಳು ಒಂದು ಗೀರೂ ಆಗಲಿಲ್ಲ.

ಆ ಶಾಂತಿಯೇ ನನಗೆ ಮೋಸ ಮಾಡಿತು. ಮಧ್ಯಾಹ್ನದ ಬಿಸಿಲಿಗೆ ಅವೆರಡೂ ಜಾಲರಿಯ ಆಚೆ ಈಚೆ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದವು. ಇವಳ ಕೂದಲು ಆ ಕಡೆ, ಅವಳ ಕೂದಲು ಈ ಕಡೆ. ನೋಡಿ ನೋಡಿ, ಇವು ಮರೆತಿವೆ ಎಂದುಕೊಂಡೆ. ಹೆಣ್ಣುಮಗಳಿಗೆ ಹೇಳಿದರೆ, "ನಡುವ ಜಾಲರಿ ಐತಂತ ಮಲಗ್ಯಾವ ಮಾಮಾ," ಎಂದಳು.

ಆಯುಧಪೂಜೆಯ ಹಿಂದಿನ ದಿನ ಮಾಲೀಕರು ಫೋನ್ ಮಾಡಿದರು. ನಾಳೆ ಪೂಜೆಗೆ ಹನ್ನೊಂದು ಗಂಟೆಗೆ ಬರುತ್ತೇವೆ, ಜೊತೆಗೆ ಭಾವಮೈದುನನೂ ಬರುತ್ತಾನೆ. ಅವನೂ ಒಂದೇ ಸೂಲಿನ ಎರಡು ಹೆಣ್ಣು ಮರಿ ನೋಡಿ ಇಟ್ಟಿದ್ದಾನೆ. "ನಾನು ನಿನ್ನ ಮಾತು ಹೇಳಿದ್ದೇನೆ ಉಸ್ತಾದ್. ಜೋಡಿ ಒಟ್ಟಿಗೆ ಕೂತಿರುವುದನ್ನು ಅವನಿಗೆ ತೋರಿಸಿಬಿಡು, ಮುಗಿಯಿತು."

ಆಗುವುದಿಲ್ಲ ಸಾಹೇಬ್ ಎನ್ನಲು ಎರಡು ಶಬ್ದ ಸಾಕಿತ್ತು. "ಜೀ ಸಾಹೇಬ್" ಎಂದೆ.

ಹಬ್ಬದ ದಿನ ಬೆಳಿಗ್ಗೆ ಹೆಣ್ಣುಮಗಳಿಗೆ ಹೇಳಿದೆ. ಅವಳು ಚೆಂಡುಹೂ ಪೋಣಿಸುತ್ತಿದ್ದವಳು ಸೂಜಿ ನಿಲ್ಲಿಸಿದಳು.

"ಡಾಕ್ಟರಮ್ಮ ಏನಂದಿದ್ರು?"

"ಭಾಳ ದಿನದ ಮಾತು ಅದು."

"ಮಾಮಾ, ಹೊಟ್ಟಿ ಕೆಟ್ಟಾವ ಅಂತ ಹೇಳ್ರಿ. ಸೂಜಿ ಹಾಕ್ಸೀವಿ ಅನ್ರಿ. ಸಾಹೇಬ್ರು ನಾಯಿ ಡಾಕ್ಟರ್ ಅದಾರೇನು, ನಾಲಿಗಿ ತಗದು ನೋಡಾಕ?"

ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿ ಹೂವಿನ ಬುಟ್ಟಿ ಎತ್ತಿಕೊಂಡು ಮುಂದಿನ ಗೇಟಿಗೆ ತೋರಣ ಕಟ್ಟಲು ಹೋದಳು. ಹೋಗುವ ಮೊದಲು ಜಾಲರಿಯ ಕೆಂಪು ಬಟ್ಟೆಯನ್ನು ಬಿಗಿಯಾಗಿ ಇನ್ನೊಂದು ಗಂಟು ಹಾಕಿದಳು. ಅದನ್ನು ನಾನು ನೋಡಿದೆ.

ಅತಿಥಿಗಳ ಎದುರು ಮೊದಲ ಸಲ ಬಿಡುವ ಬದಲು ಒಮ್ಮೆ ಪರೀಕ್ಷೆ ಮಾಡೋಣ ಎಂದುಕೊಂಡೆ. ಬೇರೆ ಬೇರೆ ಬಟ್ಟಲು ಬಂದ ಮೇಲೆ ಪರಾತವನ್ನು ಮೂಲೆಗೆ ಎಸೆದಿದ್ದೆ. ಅದನ್ನು ತೊಳೆದೆ. ಮರಿಯಿದ್ದಾಗಿನ ತಟ್ಟೆ ಕಂಡರೆ ಮರಿಯಿದ್ದಾಗಿನ ಸ್ನೇಹ ನೆನಪಾಗುತ್ತದೆ ಎಂಬ ಲೆಕ್ಕ ನನ್ನದು. ಮಟನ್ ಹಾಕಿ ನಡುವೆ ಇಟ್ಟು ಕೈ ಎತ್ತಿ ಅಗಳಿ ಸರಿಸಿದೆ. ಜೊತೆಗೆ ಇನ್ನೊಬ್ಬರು ಬೇಕೆಂದು ನಾನೇ ಕಲಿಸಿದ್ದ ಪಾಠ. ನಾನು ಒಬ್ಬನೇ ಇದ್ದೆ. ಹೆಣ್ಣುಮಗಳನ್ನು ಕರೆದಿದ್ದರೆ ಬೇಡವೆನ್ನುತ್ತಿದ್ದಳು.

ಮೊದಲು ಮೂಸಿದವು. ಜ್ವಾಳಿಯ ಬಾಲ ಆಡಿತು. ಎರಡೂ ಪರಾತಕ್ಕೆ ಬಾಯಿ ಹಾಕಿದವು, ಮರಿಯಿದ್ದಾಗ ನಿಲ್ಲುತ್ತಿದ್ದ ಬದಿಗಳಲ್ಲೇ. ನನಗೆ ಅಳು ಬಂದ ಹಾಗಾಯಿತು. ನಾನು ಒಂದು ಹೆಜ್ಜೆ ಮುಂದೆ ಬಂದು ಜ್ವಾಳಿಯ ಪಕ್ಕ ನಿಂತೆ.

ಮೊದಲು ಎರಗಿದವಳು ಸಜ್ಜಿ ಅಲ್ಲ, ಜ್ವಾಳಿ. ನಾನು ಬೆನ್ನಿಗಿದ್ದೇನೆ ಎಂದು ತಿಳಿದಾಗಲೆಲ್ಲ ಅವಳು ಮುಂದಾಗಬಹುದು ಎಂದು ಕಲಿಸಿದವನು ನಾನಲ್ಲವೇ. ಅವಳು ಸಜ್ಜಿಯ ಕೆನ್ನೆ ಹಿಡಿದಳು. ಸಜ್ಜಿ ಕೊಡವಿಕೊಂಡು ಅವಳ ಗಂಟಲು ಹಿಡಿದಳು. ಮತ್ತೆ ಬಿಡಲಿಲ್ಲ. ನಾನು ಸಜ್ಜಿಯ ಹಿಂಗಾಲು ಎತ್ತಿ ಎಳೆದೆ. ಎಳೆದಷ್ಟೂ ಜ್ವಾಳಿ ಜೊತೆಗೇ ಎಳೆದುಕೊಂಡು ಬಂದಳು. ಕೂಗಿದೆ. ಹೆಣ್ಣುಮಗಳು ಹೂ ಬಿಸಾಕಿ ಓಡಿ ಬಂದು ಹಲಗೆ ತೂರಿಸಿದಳು, ಸಜ್ಜಿಯ ದವಡೆಯ ಸಂದಿಗೆ ತನ್ನ ಸೀರೆಯ ಸೆರಗು ಸುತ್ತಿದ ಕೈ ಹಾಕಿದಳು. ಸಜ್ಜಿ ಬಿಟ್ಟಾಗ ಜ್ವಾಳಿಯ ಕಾಲುಗಳು ಇನ್ನೂ ಆಡುತ್ತಿದ್ದವು. ಹೆಣ್ಣುಮಗಳು ನೆಲಕ್ಕೆ ಕೂತು ಜ್ವಾಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಟೋ ಬರುವ ಮೊದಲೇ ಎಲ್ಲ ಮುಗಿದಿತ್ತು. ಸಜ್ಜಿ ತಾನಾಗಿಯೇ ತನ್ನ ಬದಿಗೆ ಹೋಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಹನ್ನೊಂದಕ್ಕೆ ಸರಿಯಾಗಿ ಕಾರು ಬಂತು. ಮಾಲೀಕರು, ಭಾವಮೈದುನ, ಹೆಂಗಸರು, ಕೈಯಲ್ಲಿ ಕುಂಬಳಕಾಯಿ. ಅಂಗಳ ನೋಡಿ ಹೆಂಗಸರು ಕಾರಿಗೆ ವಾಪಸಾದರು. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ.

"ದರ್ವಾಜಾ ಕೌನ್ ಖೋಲಾ?"

ಬಾಗಿಲು ಯಾರು ತೆಗೆದರು. ನನ್ನ ಪಕ್ಕದಲ್ಲಿ ಅವಳು ನಿಂತಿದ್ದಳು. ಸೀರೆ ತುಂಬ ಜ್ವಾಳಿಯ ರಕ್ತ, ಅಂಗೈಯಲ್ಲಿ ಸಜ್ಜಿಯ ಹಲ್ಲಿನ ಗಾಯ.

"ಗುಡಿಸುವಾಗ ಇವಳು ಅಗಳಿ ಸರಿಯಾಗಿ ಹಾಕಿಲ್ಲ ಸಾಹೇಬ್," ಎಂದೆ. ಹಿಂದಿಯಲ್ಲಿ ಹೇಳಿದೆ. ಅವಳಿಗೆ ಹಿಂದಿ ಬರುತ್ತದೆ ಎಂಬುದು ಗೊತ್ತಿದ್ದೂ ಹೇಳಿದೆ.

ಅವಳು ಏನಾದರೂ ಹೇಳುತ್ತಾಳೆ ಎಂದು ಕಾದೆ. ಆ ದೊಡ್ಡ ಬಾಯಿಯವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಮಾಲೀಕರು ನಾಳೆಯಿಂದ ಬರಬೇಡ ಎಂದರು. ಅವಳು ನಲ್ಲಿಯಲ್ಲಿ ಕೈ ತೊಳೆದು, ತನ್ನ ಬುತ್ತಿಯ ಡಬ್ಬಿ ತೆಗೆದುಕೊಂಡು, ಅರ್ಧ ಕಟ್ಟಿದ ತೋರಣದ ಕೆಳಗಿನಿಂದ ಹೊರಗೆ ಹೋದಳು. ಮಾಲೀಕರು ನನ್ನ ಭುಜ ತಟ್ಟಿದರು. "ನೀನೇನು ಮಾಡ್ತೀಯ ಉಸ್ತಾದ್," ಎಂದರು.

ಜ್ವಾಳಿಯನ್ನು ಹಿಂದಿನ ಗೋಡೆಯ ಬುಡದಲ್ಲಿ ಹೂತೆ. ಸಜ್ಜಿ ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಜಾಲರಿಗೆ ಬೆನ್ನು ಹಚ್ಚಿ ಮಲಗಿದಳು, ದಿನಾ ಮಲಗುವ ಜಾಗದಲ್ಲೇ. ಆ ಕಡೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಮೂಸಿ ಮತ್ತೆ ಮಲಗಿದಳು. ಹೀಗೆ ಎಷ್ಟು ಸಲ ಮಾಡಿದಳೋ.

ಇಂಥ ನಾಯಿ ಬೇಡ, ಎಲ್ಲಾದರೂ ಬಿಟ್ಟು ಬಾ ಎಂದು ಮಾಲೀಕರು ಹೇಳಿದ ತಿಂಗಳೇ ನಾನು ಅವಳನ್ನು ಕರೆದುಕೊಂಡು ಕೆಲಸ ಬಿಟ್ಟೆ. ಒಂದು ಕೋಣೆಯಲ್ಲಿ ಇಬ್ಬರೂ ಐದು ವರ್ಷ ಇದ್ದೆವು. ಓಣಿಯ ಕೂಸುಗಳು ಅವಳ ಕಿವಿ ಜಗ್ಗುತ್ತಿದ್ದವು, ಬೆಕ್ಕು ಅವಳ ಬಟ್ಟಲಲ್ಲಿ ಬಾಯಿ ಹಾಕುತ್ತಿತ್ತು, ಒಮ್ಮೆಯೂ ಹಲ್ಲು ತೋರಿಸಲಿಲ್ಲ. ಡಾಕ್ಟರಮ್ಮ ಹೇಳಿದ್ದು ನಿಜ. ಅವಳು ಒಳ್ಳೆಯ ನಾಯಿ. ಜ್ವಾಳಿಯೂ ಒಳ್ಳೆಯ ನಾಯಿ. ದಿಲ್‌ಸುಖ್‌ನಗರದ ಆ ಮನೆಯಲ್ಲಿ ಒಬ್ಬಳು ಇದ್ದಿದ್ದರೆ ಇಬ್ಬರೂ ಮುದಿಯಾಗುತ್ತಿದ್ದರು.

ಹೋದ ಚಳಿಗಾಲ ಸಜ್ಜಿ ತೀರಿಕೊಂಡಳು. ಆಮೇಲೆ ಆ ಹೆಣ್ಣುಮಗಳನ್ನು ಹುಡುಕಲು ಶುರು ಮಾಡಿದೆ. ಮೊದಲೇ ಹುಡುಕಬಹುದಿತ್ತು. ಅವಳ ಊರಿನ ಮೇಸ್ತ್ರಿಯೊಬ್ಬ ಸಿಕ್ಕು, ಸನತ್‌ನಗರದಲ್ಲಿ ಲೇಥ್ ಮಶಿನ್ನಿನ ಒಂದು ಶೆಡ್ಡಿನಲ್ಲಿ ಗುಡಿಸುತ್ತಾಳೆ ಎಂದ. ಹತ್ತು ಗಂಟೆಯ ಹೊತ್ತಿಗೆ ಹೋದೆ. ಕಬ್ಬಿಣದ ಸಿಪ್ಪೆಯನ್ನು ಗುಡ್ಡೆ ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕಸಬರಿಗೆ ಕೆಳಗಿಟ್ಟಳು.

"ಸಜ್ಜಿ ಹ್ಯಾಂಗದಾಳ?"

"ಹೋದಳು."

"ಒಬ್ಬಾಕೇ ಇದ್ದಳೇನು, ಕಡೀ ತನಕ?"

"ಒಬ್ಬಾಕೇ."

ಅವಳು ತಲೆಯಾಡಿಸಿದಳು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, "ಅಗಳಿ ತಗದಾಂವ ನಾನು. ನಿನ್ನ ಮ್ಯಾಲೆ ಹಾಕಿದೆ. ತಪ್ಪಾತು ತಂಗಿ," ಎಂದೆ. ಅಷ್ಟೇ ಬಂತು.

ಅವಳು ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿ ಹಿಡಿದಳು. ಅಂಗೈಯಲ್ಲಿ ಹಳೆಯ ಕಲೆ ಕಾಣಿಸಿತು.

"ನನ್ನ ಕೈ ಇಷ್ಟ ಎತ್ತರ ಹೋಗತದ ಮಾಮಾ. ಅಗಳಿ ಅದರ ಮ್ಯಾಲೆ ಇತ್ತು. ಸಾಹೇಬ್ರು ಒಮ್ಮಿ ಆ ಬಾಗಿಲ ಮುಂದ ನನ್ನ ನಿಲ್ಲಿಸಿ ನೋಡಿದ್ರ ಸಾಕಿತ್ತು. ನಾನೇ ಹೋಗಿ ನಿಂತು ತೋರಿಸಬಹುದಿತ್ತು."

"ಯಾಕ ತೋರಿಸಲಿಲ್ಲ?"

"ನೀವು ಹೇಳ್ತೀರಿ ಅಂತ ನಿಂತಿದ್ದೆ."

ಒಳಗೆ ಯಾರೋ ಅವಳನ್ನು ಕರೆದರು. ಅವಳು ಕಿಟಕಿಯ ಮೇಲಿಟ್ಟಿದ್ದ ಚಹಾದ ಲೋಟ ತೆಗೆದುಕೊಂಡು, ನಿಂತಲ್ಲೇ ಪೂರ್ತಿ ಕುಡಿದು, ಕಸಬರಿಗೆ ಎತ್ತಿಕೊಂಡು ಒಳಗೆ ಹೋದಳು.